ನಡೆಯುವ ಹಂದರ

ಹೋದ ವರ್ಷ ಸವಣೂರಿನ ಕಾಲೇಜಿನಲ್ಲಿ ಸಂಜೆಯ ಕೊನೆಯ ಪಾಠ. ನನ್ನ ಮೊಣಕಾಲು ಬೆಳಗಿನಿಂದಲೇ ಅಸಹಕಾರ ಹೂಡಿತ್ತು. ನಿವೃತ್ತಿಗೆ ಮುನ್ನ ಜೀವಕೋಶದ ಅಸ್ಥಿಪಂಜರ ಒಬ್ಬರಿಗಾದರೂ ತಿಳಿಯಲಿ ಎಂಬುದಷ್ಟೇ ನನ್ನ ಘನ ಆಸೆ.

ಕೋಶಕ್ಕೆ ಆಕಾರ ಕೊಡುವುದು ಒಳಗಿನ ಸಣ್ಣ ಎಳೆಗಳು. ಅವನ್ನು ಹಿಂದೆ ಬಿಚ್ಚುತ್ತ, ಮುಂದೆ ಕಟ್ಟುತ್ತ ಕೋಶ ಸರಿಯುತ್ತದೆ ಎಂದೆ. ತರಗತಿ ಆಕಳಿಸಿತು. ಹತ್ತಿಮತ್ತೂರಿನ ಹುಡುಗಿಯೊಬ್ಬಳು ಮಾತ್ರ ಎದ್ದಳು.

"ನಮ್ಮ ಓಣಿ ಹಂದರ ಇದ್ದಂಗರೀ ಸರ. ಒಂದು ಮನಿ ಮದುವಿ ಮುಗದ ಕೂಡಲೇ ಅವೇ ಬಿದಿರಿನ ಗಳ ಬಿಚ್ಚಿ ಮುಂದಿನ ಮನಿಗೆ ಕಟ್ತಾರ್ರಿ."

"ಅದ ನೋಡವ್ವ!" ಎಂದು ಹಿಗ್ಗಿ, ಮೇಜು ಹಿಡಿದು ವಾಲಿದೆ.

ಅವಳೇ ಕುರ್ಚಿ ಎಳೆದು ತಂದಳು. "ಕುಂದ್ರಿ ಸರ. ನಿಮ್ಮ ಗಳ ಬಿಚ್ಚೂದಷ್ಟ ನಡದೈತಿ, ಕಟ್ಟೂದು ಕಾಣವಲ್ದು."

ಅವಳಿಗೆ ಪಾಠ ತಿಳಿದಿದೆ ಎಂಬುದರಲ್ಲಿ ಸಂಶಯ ಉಳಿಯಲಿಲ್ಲ. ಕುಳಿತೆ.