ಕೋಡಿ ಬೀಳುವ ಮೊದಲೇ ಹೋದ ಬಾಗಿನ

ನಾನು ಚಿಕ್ಕವಳಿದ್ದಾಗ ನಮ್ಮೂರ ಕೆರೆ ತುಂಬಿದ ಸುದ್ದಿಯನ್ನು ಮೊರದಲ್ಲಿಟ್ಟು ಕಳಿಸುತ್ತಿದ್ದರು. ನಗಬೇಡಿ ಮಕ್ಕಳೇ, ಪೂರ್ತಿ ಕೇಳಿ. ಎರಡೆರಡು ಸಲ ಹೇಳುವ ತ್ರಾಣ ನನಗಿಲ್ಲ.

ಎಪ್ಪತ್ತರ ದಶಕದ ಮಾತು. ಹಳೇಬೀಡಿನಿಂದಾಚೆ, ಬಸ್ಸಿಳಿದು ನಡೆಯಬೇಕಾದ ಊರು ನಮ್ಮದು. ಕೆರೆ ತುಂಬಿದರೆ ಹೆಚ್ಚಾದ ನೀರು ಏರಿಯ ತುದಿಯಲ್ಲಿದ್ದ ತಗ್ಗುಗೋಡೆಯ ಮೇಲಿಂದ ಹೊರಗೆ ಹರಿಯುತ್ತಿತ್ತು. ಅದೇ ಕೋಡಿ. ಆ ನೀರು ಹಳ್ಳ ಹಿಡಿದು ಕೆಳಗಿನೂರಿನ ಕೆರೆ ಸೇರುತ್ತಿತ್ತು. ಕೋಡಿ ಬಿದ್ದ ದಿನ ನಮ್ಮೂರ ಹೆಂಗಸರು ಗಂಗಮ್ಮನಿಗೆ ಬಾಗಿನ ಕೊಟ್ಟು, ಇನ್ನೊಂದು ಮೊರದಲ್ಲಿ ಅರಿಸಿನ, ಕುಂಕುಮ, ಬಳೆ, ಅಕ್ಕಿ ಇಟ್ಟು ಕೆಳಗಿನೂರಿಗೆ ಒಯ್ಯುತ್ತಿದ್ದರು. ಮೊರ ಬಂತೆಂದರೆ ಅಲ್ಲಿಯವರು ಬರುವ ನೀರಿಗೆ ಜಾಗವಾಗಲೆಂದು ತಮ್ಮ ಕೆರೆಯ ತೂಬು ತೆಗೆದು, ಹಳ್ಳದ ದಂಡೆಯ ದನಗಳನ್ನು ದಿಣ್ಣೆಗೆ ಹೊಡೆಯುತ್ತಿದ್ದರು. ಇನ್ನೂ ಎರಡು ಕಟ್ಟುಪಾಡು ಇದ್ದವು. ಹಳ್ಳದ ಪಕ್ಕದ ಹುಲ್ಲುಪಟ್ಟಿಯನ್ನು ಯಾರೂ ಉಳಬಾರದು. ಎರಡೂ ಊರಿನವರು ಒಪ್ಪದೆ ಕೋಡಿಯ ಮೇಲೆ ಒಂದು ಹಿಡಿ ಮಣ್ಣೂ ಹಾಕಬಾರದು.

ಆ ವರ್ಷ ಅಪ್ಪ ಆ ಹುಲ್ಲುಪಟ್ಟಿಯನ್ನು ಉತ್ತು ಆಲೂಗಡ್ಡೆ ಹಾಕಿದ. ಅವನನ್ನು ನೋಡಿ ಇನ್ನಷ್ಟು ಮನೆಯವರು ಹಾಕಿದರು. ಗಿಡಗಳು ಸೊಂಪಾಗಿ ಬಂದವು. ಆದರೆ ಗೆಡ್ಡೆ ಕೀಳುವ ಹೊತ್ತಿಗೆ ಮೊದಲೇ ಕೆರೆ ತುಂಬುತ್ತಾ ಬಂತು. ಕೋಡಿ ಬಿದ್ದರೆ ಬೆಳೆ ಹೋಯಿತು! ಕೊಂಚ ದಿನ ತಡೆದರೆ ಸಾಕೆಂದು ಎಲ್ಲರೂ ಸೇರಿ ಕೋಡಿಯ ಮೇಲೆ ಹುಲ್ಲುಹೆಂಟೆ ಪೇರಿಸಿ ಎತ್ತರಿಸಿದರು. ಕೆಳಗಿನೂರಿಗೆ ಹೇಳಲಿಲ್ಲ. ಕಟ್ಟುಪಾಡು ಮುರಿದವರು ಯಾವ ಬಾಯಲ್ಲಿ ಹೇಳುತ್ತಾರೆ? ನಮ್ಮ ಅಕ್ಕನನ್ನು ಕೊಟ್ಟಿದ್ದದ್ದೂ ಆ ಊರಿಗೇ. ಹಳ್ಳದ ದಂಡೆಯಲ್ಲೇ ಅವಳ ಮನೆ, ತೊಟ್ಟಿಲಲ್ಲಿ ಎಳೆಗೂಸು.

ಆಮೇಲೆ ಮಳೆ ಹಿಡಿಯಿತು, ಬಿಡಲೇ ಇಲ್ಲ. ಸೌದೆ ಹಸಿ, ಬಟ್ಟೆ ಹಸಿ, ಮನೆಯೆಲ್ಲ ಕಂಬಳಿಯ ಮುಗ್ಗಲು ವಾಸನೆ. ಒಂದು ಬೆಳಗ್ಗೆ ಅಪ್ಪ ಕೆರೆ ಕಡೆಯಿಂದ ಓಡಿ ಬಂದ. ಅವನ ಮುಖ ಬಿಳಿಚಿಕೊಂಡಿತ್ತು.

"ಏರಿ ಹಿಂದುಗಡೆ ನೀರು ಒಸರ್ತಾ ಐತೆ ಕಣೇ. ಹೆಂಟೆ ಕೀಳದಿದ್ರೆ ಏರಿನೇ ಹೋಯ್ತದೆ."

"ಕಿತ್ರೆ ತಡೆದಿಟ್ಟ ನೀರೆಲ್ಲ ಮಗಳ ಮನೆಗೆ ನುಗ್ತದೆ. ಅವ್ರಿಗೆ ಮೊದ್ಲು ಹೇಳ್ಬೇಕು," ಎಂದಳು ಅಮ್ಮ.

"ಯಾವ ಮುಖ ಹೊತ್ಕೊಂಡು ಹೋಗ್ಲಿ?"

"ನಿಮ್ಮ ಮುಖ ಇಲ್ಲೇ ಇರ್ಲಿ. ನಾನು ಮೊರ ಹೊತ್ಕೊಂಡು ಹೋಯ್ತೀನಿ. ಅಲ್ಲಿ ತಮಟೆ ಹೊಡೆಸ್ತೀನಿ, ಅದು ಕೇಳೋವರ್ಗೂ ಹೆಂಟೆ ಮುಟ್ಬೇಡಿ."

ಕೋಡಿ ಬೀಳದೆ ಬಾಗಿನ ಒಯ್ಯುವುದು ಅಪಶಕುನ ಎಂದು ಅಜ್ಜಿ ಗೊಣಗಿದಳು. ಅಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ. ತಲೆಯ ಮೇಲೆ ಕಂಬಳಿ ಕೊಪ್ಪೆ, ಕಂಕುಳಲ್ಲಿ ಮೊರ, ಇನ್ನೊಂದು ಕೈಯಲ್ಲಿ ನಾನು. ದಾರಿಯುದ್ದಕ್ಕೂ ಕೆಸರು. ಕಾಲು ಸೋತು ನನಗೆ ಅಳು ಬಂದಿತ್ತು. ನಾವು ತಲುಪುವವರೆಗೆ ಏರಿ ನಿಂತೀತೇ ಎಂದು ಅಮ್ಮ ತಿರುತಿರುಗಿ ನೋಡುತ್ತಿದ್ದಳು.

ಅಕ್ಕನ ಅತ್ತೆ ಬಾಗಿಲಲ್ಲೇ ಇದ್ದರು. ಮೊರ ನೋಡಿದರು, ಹಳ್ಳದಲ್ಲಿ ಸಣ್ಣಗೆ ಹರಿಯುತ್ತಿದ್ದ ನೀರು ನೋಡಿದರು.

"ಕೋಡಿ ಬಿದ್ದಂಗಿಲ್ವಲ್ಲ ಬೀಗಿತಿ?"

"ಬೀಳಿಸ್ಬೇಕು. ನಾವು ಕಟ್ಬಿಟ್ಟಿದ್ವಿ," ಎಂದಳು ಅಮ್ಮ ತಲೆ ತಗ್ಗಿಸಿ.

ಅತ್ತೆಯ ಕಣ್ಣು ಕೆಂಪಾದವು. "ಬೈಯೋದು ನಾಳೆ ಬೈತೀನಿ," ಎಂದವರೇ ಮಗನತ್ತ ತಿರುಗಿದರು. "ಏನ್ಲಾ ನೋಡ್ತಾ ನಿಂತಿದ್ದೀಯ? ತೂಬು ತೆಗೆಸು, ದನ ಹೊಡಿ!" ಅಕ್ಕ ಕೂಸನ್ನು ಎದೆಗವಚಿಕೊಂಡು ದಿಣ್ಣೆ ಹತ್ತಿದಳು. ದಂಡೆಯ ಮನೆಗಳೆಲ್ಲ ಖಾಲಿಯಾದ ಮೇಲೆ ತಮಟೆ ಹೊಡೆದರು.

ಸ್ವಲ್ಪ ಹೊತ್ತಿಗೆ ನೀರು ಬಂತು. ಕೆಂಪು ನೀರು, ಅದರ ತುಂಬ ಅಪ್ಪನ ಆಲೂಗಡ್ಡೆ ಗಿಡ. ಅಕ್ಕನ ಮನೆಯ ಹೊಸ್ತಿಲು ದಾಟಿ, ತೊಟ್ಟಿಲಿದ್ದ ಕೋಣೆಯಲ್ಲಿ ಸುತ್ತು ಹೊಡೆದು ಹೋಯಿತು. ಅದನ್ನು ನೋಡುತ್ತಾ ಅಮ್ಮ ನನ್ನ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದಳು. ಏರಿ ಉಳಿಯಿತು, ಯಾರ ಜೀವಕ್ಕೂ ಏನೂ ಆಗಲಿಲ್ಲ. ಅತ್ತೆ ಮಾತಿಗೆ ತಪ್ಪದೆ ಮರುದಿನ ಬಂದು ಅಪ್ಪನನ್ನು ಬೈದರು, ಮುದ್ದೆ ಉಂಡು ಮತ್ತೆ ಬೈದರು. ಅಪ್ಪ ಮುಂದೆಂದೂ ಆ ಪಟ್ಟಿಗೆ ನೇಗಿಲು ಇಳಿಸಲಿಲ್ಲ.

ಈಗ ಅರಸೀಕೆರೆಯ ಈ ಮನೆಯಲ್ಲಿ ಕೂತಿದ್ದೇನೆ. ಇದೂ ಹಳ್ಳದ ಜಾಗವೇ ಎಂದು ಸೈಟು ಕೊಳ್ಳುವಾಗಲೇ ನಿಮ್ಮಪ್ಪನಿಗೆ ಹೇಳಿದ್ದೆ. ಮುದುಕಿಯ ಮಾತು ಯಾರಿಗೆ ಬೇಕು? ಜೋರು ಮಳೆ ಬಂದಾಗಲೆಲ್ಲ ನೀರು ಒಳಗೆ ಬರುತ್ತಿತ್ತು. ನೀವು ಕಾಗದದ ದೋಣಿ ಬಿಡುತ್ತಿದ್ದಿರಿ, ನಾನು ನೆಲ ಒರೆಸಿ ಒರೆಸಿ ಸೋತೆ. ಮಳೆ ಬರುವುದನ್ನು ನಿಮ್ಮ ಫೋನು ಮೊದಲೇ ಹೇಳುತ್ತದೆ, ಒಳ್ಳೆಯದೇ. ಈ ವರ್ಷ ನಿಮ್ಮಪ್ಪ ಗೇಟಿನ ಮುಂದೆ ಸಿಮೆಂಟಿನ ಕಟ್ಟೆ ಹಾಕಿಸಿದ್ದಾನೆ. ನೀರು ಈಗ ನಮ್ಮ ಮನೆಗೆ ಬರುವುದಿಲ್ಲ, ಕೆಳಗಿನ ಮನೆಗೆ ಹೋಗುತ್ತದೆ. ಅಲ್ಲಿ ಯಾರಿದ್ದಾರೆ, ತೊಟ್ಟಿಲಿದೆಯೇ, ನಿಮ್ಮಲ್ಲಿ ಯಾರಿಗಾದರೂ ಗೊತ್ತೇ?

ಅಟ್ಟದ ಮೇಲೆ ಅಮ್ಮನ ಮೊರ ಇದೆ, ಇಳಿಸಿಕೊಡಿ. ಕೆಳಗಿನ ಮನೆಗೆ ಹೋಗೋಣ, ಬೈದರೆ ಬೈಸಿಕೊಂಡು ಬರೋಣ. ನನಗೆ ಮಂಡಿ ನೋವು, ಯಾರಾದರೂ ಒಬ್ಬರು ಕೈ ಹಿಡಿದುಕೊಳ್ಳಿ.