ನೀರಿನಡಿಯ ರಸ್ತೆ

ಕ್ಲಚ್ ಮೇಷ್ಟ್ರು ಮಂಗಳವಾರ ಬೆಳಿಗ್ಗೆ ತೀರಿಕೊಂಡರು. ಎಪ್ಪತ್ತೊಂದು ವರ್ಷವಾಗಿತ್ತು. ಆರು ಗಂಟೆಗೆ ಮಗಳು ಎಬ್ಬಿಸಲು ಹೋದಾಗ ಮೈ ತಣ್ಣಗಾಗಿತ್ತು. ನಿದ್ದೆಯಲ್ಲೇ ಹೋಗಿದ್ದಾರೆ ಎಂದರು ಡಾಕ್ಟರು. ಮಗಳು ಮೊದಲು ಫೋನ್ ಮಾಡಿದ್ದು ಕಾಂಪೌಂಡರಿಗೆ. "ಮಾಮ, ಅಪ್ಪ ಏಳ್ತಾ ಇಲ್ಲ" ಎಂದಳು, ಅಷ್ಟೇ.

ಕಾಂಪೌಂಡರು ಪೇಟೆ ಬೀದಿಯ ಔಷಧಿ ಅಂಗಡಿಯಲ್ಲಿ ಮೂವತ್ತು ವರ್ಷ ಗುಳಿಗೆ ಕಟ್ಟಿಕೊಟ್ಟವರು. ಮೇಷ್ಟ್ರಿಗಿಂತ ನಾಲ್ಕು ವರ್ಷ ಚಿಕ್ಕವರು. ಒಂದು ಕಾಲದಲ್ಲಿ, ಯುದ್ಧ ನಡೆದ ಆ ಒಂದು ವರ್ಷ, ಇಬ್ಬರೂ ಸೇನೆಯ ಒಂದೇ ಆಂಬುಲೆನ್ಸ್ ಲಾರಿಯ ಮುಂದಿನ ಸೀಟಿನಲ್ಲಿ ಕೂತಿದ್ದರು. ಮೇಷ್ಟ್ರ ಕೈಯಲ್ಲಿ ಸ್ಟಿಯರಿಂಗ್, ಕಾಂಪೌಂಡರ ಮಡಿಲಲ್ಲಿ ಬ್ಯಾಂಡೇಜಿನ ಪೆಟ್ಟಿಗೆ. ಲಾರಿ ಯಾವತ್ತೋ ಗುಜರಿಗೆ ಹೋಯಿತು. ಆ ಸೀಟು ಮಾತ್ರ ಅವರಿಬ್ಬರ ನಡುವೆ ನಲವತ್ತೈದು ವರ್ಷ ಹಾಗೇ ಉಳಿದಿತ್ತು. ಮೇಷ್ಟ್ರ ಮನೆಯ ಜಗಲಿಯ ಬೆಂಚಿನಲ್ಲಿ ಕೂತರೂ ಕಾಂಪೌಂಡರು ಎಡಗಡೆಯೇ ಕೂರುತ್ತಿದ್ದರು.

ಸೇನೆಯಿಂದ ಬಂದ ಮೇಲೆ ಮೇಷ್ಟ್ರು ಕಾರು ಕಲಿಸುವ ಕೆಲಸ ಹಿಡಿದರು. ಎರಡು ಜೊತೆ ಪೆಡಲಿನ ಒಂದು ಹಳೆಯ ಕಾರು, ಮುಂದೊಂದು ಹಿಂದೊಂದು ಎಲ್ ಬೋರ್ಡು. "ಕ್ಲಚ್ ಮೆಲ್ಲಗೆ ಬಿಡಿ, ಮಲಗಿದ ಮಗೂನ ಪಕ್ಕದಿಂದ ಕೈ ತೆಗೀತೀರಲ್ಲ, ಹಾಗೆ" ಎಂದು ದಿನಕ್ಕೆ ನೂರು ಸಲ ಹೇಳಿ ಹೇಳಿ ಆ ಹೆಸರು ಬಂತು. ಕಲಿಸುವ ರೀತಿ ಮಾತ್ರ ಊರಿಗೆಲ್ಲ ನಗೆಪಾಟಲಾಗಿತ್ತು. ಮೊದಲ ದಿನ ಅವರು ಯಾರನ್ನೂ ಕಾರಿನ ಹತ್ತಿರ ಬಿಡುತ್ತಿರಲಿಲ್ಲ. ಓಡಿಸಬೇಕಾದ ರಸ್ತೆಯನ್ನು ಈ ತುದಿಯಿಂದ ಆ ತುದಿಯವರೆಗೆ ನಡೆಸುತ್ತಿದ್ದರು. ಗುಂಡಿ, ಉಬ್ಬು, ಚರಂಡಿಯ ಮುಚ್ಚಳ, ನಾಯಿ ಮಲಗುವ ಜಾಗ, ಎಲ್ಲವನ್ನೂ ಕಾಲಿನಿಂದ ಮುಟ್ಟಿ ನೋಡಬೇಕು. ಎರಡನೆಯ ದಿನ ಜಗಲಿಯ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತು ಅದೇ ರಸ್ತೆಯನ್ನು ಮನಸ್ಸಿನಲ್ಲೇ ಓಡಿಸಬೇಕು. ಕಾಲು ನೆಲ ಒತ್ತಬೇಕು, ಕೈ ಗಾಳಿಯಲ್ಲಿ ತಿರುಗಬೇಕು. ಮೂರನೆಯ ದಿನ ಕಾರು.

"ಕಾರು ಕಲಿಯೋಕೆ ಹೋಗಿ ಚಪ್ಪಲಿ ಸವೆಸ್ಕೊಂಡು ಬಂದೆ" ಎಂದು ಕಲಿತವರು ಗೊಣಗುತ್ತಿದ್ದರು. ಆದರೆ ಅವರ ಕೈಯಲ್ಲಿ ಕಲಿತವರು ಯಾರೂ ಎಲ್ಲೂ ಗುದ್ದಿದ್ದನ್ನು ಊರು ಕೇಳಲಿಲ್ಲ.

ಮೇಷ್ಟ್ರಿಗೆ ಒಂದು ಪದಕ ಬಂದಿತ್ತು. ಯುದ್ಧದ ಕೊನೆಯಲ್ಲಿ ಜ್ವರ ಬಂದು ಆಸ್ಪತ್ರೆಯಲ್ಲಿ ಮಲಗಿದ್ದಾಗ ಯಾರೋ ಅಧಿಕಾರಿ ಬಂದು ಏನೋ ಓದಿ, ಅದನ್ನು ದಿಂಬಿಗೆ ಚುಚ್ಚಿ ಹೋದರಂತೆ. ಜ್ವರದ ಕಿವಿಗೆ ಬಿದ್ದದ್ದು ಅರ್ಧ, ಅದರಲ್ಲಿ ನೆನಪಿದ್ದದ್ದು ಇನ್ನೂ ಅರ್ಧ. ಪದಕ ಹೆಂಡತಿಯ ಗುಂಡಿ ಡಬ್ಬಿಯಲ್ಲಿ, ಬಣ್ಣಬಣ್ಣದ ಗುಂಡಿಗಳ ನಡುವೆ ಮಲಗಿತು. ಹೆಂಡತಿ ಹೋದ ಮೇಲೂ ಡಬ್ಬಿ ಅಲ್ಲೇ ಇತ್ತು.

ಯಾಕೆ ಬಂತು ಎಂದು ಊರಿಗೆ ಹೇಳಿದವರು ಕಾಂಪೌಂಡರು. ಅವರಿಗೆ ಓದುವ ಹುಚ್ಚು. ಕಥೆ ಎಲ್ಲಿ ತಡೆಯಬೇಕು, ಎಲ್ಲಿ ಬಿಡಬೇಕು ಎಂದು ಗೊತ್ತಿತ್ತು. ಅಂಗಡಿಯ ಕಟ್ಟೆಗೆ ಮೊಣಕೈ ಊರಿ ಅವರು ಶುರು ಮಾಡಿದರೆ ಕೆಮ್ಮಿಗೆ ಬಂದವರು ಕೆಮ್ಮುವುದನ್ನು ಮರೆಯುತ್ತಿದ್ದರು. ನದಿಗೆ ತಗ್ಗಾಗಿ ಕಟ್ಟಿದ ಸೇತುವೆ. ಪ್ರವಾಹ ಬಂದು ಸೇತುವೆಯ ಮೇಲೆ ಮೊಣಕಾಲುದ್ದ ನೀರು. ಬೆಳಗಿನ ಮಬ್ಬು, ದೀಪ ಹಚ್ಚುವ ಹಾಗಿಲ್ಲ, ಆಚೆ ಗುಡ್ಡದಲ್ಲಿ ಶತ್ರು. ಲಾರಿಯೊಳಗೆ ಹನ್ನೊಂದು ಜನ ಗಾಯಾಳುಗಳು. ಮೂರು ದಿನದಿಂದ ರೆಪ್ಪೆ ಮುಚ್ಚದ ಚಾಲಕ. "ಗೂಬೆಗಣ್ಣು ಅಂದ್ರೆ ನಂಬ್ತೀರಾ? ಕಾಣದ ರಸ್ತೆಯನ್ನ ಕಂಡ ಹಾಗೆ ಓಡಿಸಿದ ಪುಣ್ಯಾತ್ಮ. ನಾನು ಪಕ್ಕದಲ್ಲೇ ಕೂತು ನೋಡಿದ್ದೀನಿ."

ಮೇಷ್ಟ್ರು ಈ ಕಥೆಗೆ ಹೂಂ ಎನ್ನಲೂ ಇಲ್ಲ, ಊಹೂಂ ಎನ್ನಲೂ ಇಲ್ಲ. ಕೇಳಿದರೆ, "ನನಗೆ ಏನೂ ನೆನಪಿಲ್ಲ. ಅವನು ಕಂಡಿದ್ದಾನಲ್ಲ, ಸಾಕು" ಎನ್ನುತ್ತಿದ್ದರು.

ಹೋದ ವರ್ಷ ನಿವೃತ್ತ ಸೈನಿಕರ ಕೂಟಕ್ಕೆ ಮಗಳ ಬಲವಂತಕ್ಕೆ ಪದಕ ಹಾಕಿಕೊಂಡು ಹೋದರು. ಬಾಗಿಲಲ್ಲಿ ಪಟ್ಟಿ ಹಿಡಿದಿದ್ದವರು ಬೆರಳಾಡಿಸಿ ನೋಡಿದರು. ಹೆಸರು ಇತ್ತು, ಪದಕದ ಕಾಲಂನಲ್ಲಿ 'ಇಲ್ಲ' ಎಂದಿತ್ತು.

"ಬೇಜಾರು ಮಾಡ್ಕೋಬೇಡಿ ಯಜಮಾನ್ರೇ, ಅದನ್ನ ತೆಗೆದಿಡಿ. ಯಾರ್ಯಾರೋ ಯಾರ್ಯಾರ್ದೋ ಹಾಕ್ಕೊಂಡು ಬರ್ತಾರೆ."

ಮೇಷ್ಟ್ರು ತೆಗೆದರು. ಸಭೆ ಮುಗಿಯುವವರೆಗೂ ಅದನ್ನು ಮುಷ್ಟಿಯಲ್ಲೇ ಹಿಡಿದಿದ್ದರು. ವಾಪಸ್ಸು ಬರುವಾಗ ಅಂಗಡಿಗೆ ಬಂದು ಅಂಗೈ ಚಾಚಿದರು. ಪಿನ್ನು ಚುಚ್ಚಿ ಎರಡು ಕಡೆ ರಕ್ತ ಹೆಪ್ಪುಗಟ್ಟಿತ್ತು. ಕಾಂಪೌಂಡರು ಟಿಂಕ್ಚರ್ ಹಚ್ಚಿದರು. "ಯುದ್ಧದಲ್ಲಿ ಆಗದ ಗಾಯ ಇವತ್ತು ಆಯ್ತು ನೋಡು" ಎಂದು ಮೇಷ್ಟ್ರು ನಕ್ಕರು. ಆ ನಗು ಕಾಂಪೌಂಡರಿಗೆ ಈಗಲೂ ಹಿಡಿಸಿಲ್ಲ.

ಮಗಳು ಭೂಮಾಪನ ಕಚೇರಿಯಲ್ಲಿ ಕೆಲಸ ಮಾಡುವವಳು. ಊರಿನ ಗಡಿಕಲ್ಲುಗಳನ್ನೆಲ್ಲ ಕಾಗದದ ಮೇಲೆ ಸರಿಪಡಿಸುವವಳಿಗೆ ಅಪ್ಪನ ಸೇವಾ ದಾಖಲೆ ಸರಿಪಡಿಸುವುದು ಯಾವ ದೊಡ್ಡ ವಿಷಯ ಎನ್ನಿಸಿತು. "ಮುಂದಿನ ಕೂಟಕ್ಕೆ ಅಪ್ಪ ಅದೇ ಬಾಗಿಲಲ್ಲಿ, ಅದನ್ನ ಹಾಕ್ಕೊಂಡೇ ಹೋಗ್ಬೇಕು" ಎಂದಳು. ಕಾಂಪೌಂಡರು ಹೇಳಿದ ಕಥೆಯನ್ನೇ ಬರೆದು, ನದಿ ದಾಟಿದ ದಿನಾಂಕ ಹಾಕಿ ದಾಖಲೆ ಕಚೇರಿಗೆ ಅರ್ಜಿ ಕಳಿಸಿದಳು. 'ಸದರಿ ದಿನಾಂಕದಂದು ಅಂಥ ನಮೂದು ಇರುವುದಿಲ್ಲ' ಎಂಬ ಉತ್ತರ ಬಂತು. ಮತ್ತೆ ಬರೆದಳು, ಅದೇ ಉತ್ತರ. ಮೂರನೆಯ ಸಲ ಉತ್ತರದ ಜೊತೆಗೆ ಎರಡು ನಮೂನೆಗಳು ಬಂದವು. ಒಂದು, ಅರ್ಜಿದಾರರು ಸ್ವಂತ ಕೈಬರಹದಲ್ಲಿ ಬರೆಯಬೇಕಾದ ವಿವರ. ಇನ್ನೊಂದು, 'ಕಣ್ಣಾರೆ ಕಂಡಿದ್ದೇನೆ' ಎಂದು ಸಾಕ್ಷಿ ಸಹಿ ಹಾಕಬೇಕಾದ ಪ್ರಮಾಣಪತ್ರ.

ಮೇಷ್ಟ್ರು ತಮ್ಮದನ್ನು ಖಾಲಿ ಬಿಟ್ಟರು. "ನೆನಪಿಲ್ಲದ್ದನ್ನ ಹೇಗಮ್ಮ ಬರೀಲಿ?"

"ಮಾಮ ಹೇಳಿದ್ದನ್ನೇ ಬರೀರಿ."

"ಅದು ಅವನ ಕಥೆ. ಕೆಳಗೆ ಸಹಿ ನನ್ನದು."

ಕಾಂಪೌಂಡರು ಇನ್ನೊಂದು ನಮೂನೆಯನ್ನು ಅಂಗಡಿಗೆ ಒಯ್ದು ಒಂದು ವಾರ ಇಟ್ಟುಕೊಂಡರು. ಹತ್ತಿಯ ಹೊಸ ಕಟ್ಟು ಬಿಚ್ಚಿದಾಗಲೆಲ್ಲ ಅದರ ಬಿಳುಪಿನಿಂದ ಆ ಬೆಳಗಿನ ಮಬ್ಬು ಎದ್ದು ಬರುತ್ತಿತ್ತು. ಅಂಗಡಿಯ ಕಪಾಟುಗಳು ಕರಗಿ ನೀರಾಗುತ್ತಿದ್ದವು. ಚಕ್ರದ ಕೆಳಗೆ ನೀರಿನ ಮೊರೆತ, ಹಿಂದೆ ಯಾರದೋ ನರಳಾಟ, ಪಕ್ಕದಲ್ಲಿ ಒಂದು ದನಿ. ದನಿ ಮಾತ್ರ. ಎಷ್ಟು ಸಲ ಹಿಂದಕ್ಕೆ ಹೋದರೂ ಅಲ್ಲಿ ಚಿತ್ರವೇ ಇರಲಿಲ್ಲ.

ಭಾನುವಾರ ಮಧ್ಯಾಹ್ನ ಮೇಷ್ಟ್ರ ಜಗಲಿಗೆ ಹೋಗಿ ಎಡಗಡೆ ಕೂತರು.

"ಏನಯ್ಯಾ, ಮುಖ ನೋಡಿದ್ರೆ ಯಾರಿಗೋ ತಪ್ಪು ಔಷಧಿ ಕೊಟ್ಟು ಬಂದ ಹಾಗಿದೆ?"

"ಮೇಷ್ಟ್ರೇ, ನಾನು ನೋಡ್ಲಿಲ್ಲ."

"ಏನನ್ನ?"

"ಆವತ್ತು. ಈ ದಡ ಬಿಟ್ಟಾಗ ಕಣ್ಣು ಮುಚ್ಚಿದವನು ಆ ದಡ ಮುಟ್ಟಿದ ಮೇಲೇ ಬಿಟ್ಟಿದ್ದು. ಹೆದರಿ ಸತ್ತೇಹೋಗಿದ್ದೆ. ಗೂಬೆಗಣ್ಣು ಗೀಬೆಗಣ್ಣು ಎಲ್ಲ ನಾನು ಕಟ್ಟಿದ್ದು."

ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. "ನೀನೂನಾ? ನಾನು ನಿದ್ದೆ, ನೀನು ಕಣ್ಣುಮುಚ್ಚಾಲೆ! ಹಾಗಾದ್ರೆ ಲಾರಿ ಓಡಿಸಿದ್ದು ಯಾರಯ್ಯಾ?"

ಮಗಳು ಒಳಗಿನಿಂದ ಕೈ ಒರೆಸಿಕೊಳ್ಳುತ್ತಾ ಬಂದಳು. "ಚೆನ್ನಾಗಿದೆ. ಇಬ್ಬರೂ ಸೇರಿ ನನ್ನ ಕೈಲಿ ಮೂರು ಅರ್ಜಿ ಬರೆಸಿದ್ರಿ. ಈಗ ಲಾರೀನ ಸಾಕ್ಷಿಗೆ ಕರೀಲಾ?"

"ಕಾಣ್ಲಿಲ್ಲ, ಕೇಳಿಸ್ತು" ಎಂದರು ಕಾಂಪೌಂಡರು. "ನಿಮ್ಮಪ್ಪ ದಾರಿಯುದ್ದಕ್ಕೂ ಎಣಿಸ್ತಾ ಇದ್ದ. ಒಂದು, ಎರಡು, ಮೂರು. ಹದಿನೇಳಕ್ಕೆ ಬಂದಾಗ 'ಬಲಕ್ಕೆ ಸರಿಯಮ್ಮಾ ತಾಯೀ' ಅಂದ. ಲಾರಿಗೆ. ಇಪ್ಪತ್ತಮೂರಕ್ಕೆ ನಿಲ್ಲಿಸ್ದ."

ಮೇಷ್ಟ್ರ ನಗು ನಿಂತಿತು. "ಹದಿನೇಳನೇ ಕಲ್ಲಿನ ಹತ್ತಿರ ಅಂಚು ಕುಸಿದಿತ್ತು" ಎಂದರು.

"ನೆನಪಿಲ್ಲ ಅಂದ್ರಲ್ಲಪ್ಪ?"

"ಓಡಿಸಿದ್ದು ನೆನಪಿಲ್ಲ. ಅದು ಹಿಂದಿನ ಸಂಜೆ ಕಂಡಿದ್ದು. ರಸ್ತೆ ನೋಡ್ಕೊಂಡು ಬರೋಕೆ ಹೋಗಿದ್ದೆನಲ್ಲ."

"ಯಾವ ರಸ್ತೆ? ಅದು ನೀರೊಳಗಿತ್ತು."

"ಅದಕ್ಕೇ ಹೋಗಿದ್ದು. ಮೇಲಿದ್ದಿದ್ರೆ ನೋಡೋದೇನಿತ್ತು?"

ಮಗಳು ಅಲ್ಲೇ ನೆಲದ ಮೇಲೆ ಕೂತು ಪೆನ್ನು ತೆಗೆದಳು. ಕೆರೆಯ ತಳದಿಂದ ಒಂದೊಂದೇ ಪಾತ್ರೆ ಎತ್ತಿದ ಹಾಗೆ ಅವಳು ಕೇಳಿದಳು, ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಹೇಳಿದರು. ಸೂರ್ಯ ಮುಳುಗುವ ಹೊತ್ತು. ಕೈಯಲ್ಲೊಂದು ಕೋಲು. ಪಾದಕ್ಕೆ ತಾಗಿದ ಸೇತುವೆಯ ಒರಟು ಮೈ, ನಡುವೆ ಹೂಳಿನ ಮೆತ್ತಗೆ, ಮತ್ತೆ ಒರಟು. ನೀರು ಎಡಗಡೆಯಿಂದ ಮಗುವಿನ ಹಾಗೆ ನೂಕುತ್ತಿತ್ತಂತೆ. ಅಂಚಿನ ಕಲ್ಲುಗಳ ನೆತ್ತಿ ಮಾತ್ರ ಮೇಲಿತ್ತು, ನೀರಿನದೇ ಬಣ್ಣ, ಕತ್ತಲಲ್ಲಿ ಕಾಣುವುದಿಲ್ಲ. ಹಾಗಾಗಿ ಪ್ರತಿ ಕಲ್ಲಿಗೂ ಒಂದೊಂದು ಬಿಳಿ ಪಟ್ಟಿ ಕಟ್ಟಿದರು. ಆಚೆ ಗುಡ್ಡದಿಂದ ಗುಂಡು ಬರುತ್ತಿತ್ತು. "ನನ್ನ ಮೇಲಲ್ಲ, ನೀರಿನ ಮೇಲೆ. ಮೀನು ಹಾರಿದ ಹಾಗೆ ಕಾಣ್ತಿತ್ತು." ಮೂರು ದಿನದ ನಿದ್ದೆ ಆಗಲೇ ತಲೆಯೊಳಗೆ ಇಳಿದಿತ್ತು; ಬೆಳಿಗ್ಗೆ ಓಡಿಸುವಾಗ ಪಟ್ಟಿಗಳಷ್ಟೇ ಕಂಡಿರಬೇಕು. ಉಳಿದದ್ದನ್ನು ಕಾಲೇ ಓಡಿಸಿತು.

"ಬಿಳಿ ಪಟ್ಟಿ ಎಲ್ಲಿಂದ ಬಂತು?" ಎಂದಳು ಮಗಳು.

ಕಾಂಪೌಂಡರು ಎದ್ದು ನಿಂತುಬಿಟ್ಟರು. "ನನ್ನ ಪೆಟ್ಟಿಗೆಯಿಂದ! ಗಾಯಕ್ಕೇ ಸಾಲದ ಬ್ಯಾಂಡೇಜು, ಕಲ್ಲಿಗೆ ಸುತ್ತೋಕೆ ಬೇಕಾ ಅಂತ ಜಗಳ ಆಡಿದ್ದೆ. ಎರಡು ಸುರುಳಿ ಕಿತ್ಕೊಂಡು ಹೋದ. ಅಳು ಬರೋ ಹಾಗೆ ಕೋಪ ಬಂದು ದಡದಲ್ಲಿ ನಿಂತು ನೋಡ್ತಾನೇ ಇದ್ದೆ."

ಆ ಚಿತ್ರ ಹೀಗೆ ಅವರಿಗೆ ಸಿಕ್ಕಿತು. ಅದು ಯಾವಾಗಲೂ ಅಲ್ಲೇ ಇತ್ತು, ದೊಡ್ಡ ಕಥೆಯ ಹಿಂದೆ. ಬೂದುಬಣ್ಣದ ಅಗಾಧ ನೀರು, ಅದರ ಮೇಲೆ ನಡೆಯುತ್ತಾ ಸಣ್ಣವನಾಗುತ್ತಾ ಹೋದ ಒಬ್ಬ ಮನುಷ್ಯ, ಅವನು ಬಾಗಿದಲ್ಲೆಲ್ಲ ಅರಳಿದ ಒಂದೊಂದು ಬಿಳಿ ಚುಕ್ಕೆ.

"ಇದನ್ನ ಯಾಕಪ್ಪ ಯಾರಿಗೂ ಹೇಳ್ಲಿಲ್ಲ?"

"ಹೇಳೋದೇನಮ್ಮ ಅದರಲ್ಲಿ? ಯಾವ ಡ್ರೈವರ್ ಆದ್ರೂ ರಸ್ತೆ ನೋಡ್ಕೊಂಡು ಬರ್ತಾನೆ."

ಮೇಷ್ಟ್ರು ತಮ್ಮ ನಮೂನೆಯನ್ನು ಆವತ್ತೇ ಬರೆದರು. 'ನದಿ ದಾಟಿದ್ದು ನೆನಪಿರುವುದಿಲ್ಲ' ಎಂಬುದೇ ಮೊದಲ ಸಾಲು. ಕಾಂಪೌಂಡರು 'ಕಣ್ಣಾರೆ ಕಂಡಿದ್ದೇನೆ' ಎಂಬುದರ ಕೆಳಗೆ ಸಹಿ ಹಾಕಿದರು. ಮಗಳು ದಿನಾಂಕವನ್ನು ಒಂದು ದಿನ ಹಿಂದಕ್ಕೆ ಹಾಕಿದಳು. ತಿಂಗಳೊಳಗೆ ಉತ್ತರ ಬಂತು. ಹಿಂದಿನ ದಿನದ ಆದೇಶದ ಪುಟದಲ್ಲಿ ಎಲ್ಲವೂ ಇತ್ತಂತೆ: ಗುಂಡಿನ ನಡುವೆ ಮುಳುಗಿದ ಸೇತುವೆಯನ್ನು ನಡೆದು ಗುರುತಿಸಿದ್ದಕ್ಕಾಗಿ, ಎಂದು. ದಾಟಿದ್ದರ ಬಗ್ಗೆ ಒಂದಕ್ಷರವೂ ಇರಲಿಲ್ಲ. ಆ ಪುಟ ಮೇಷ್ಟ್ರ ಸೇವಾ ದಾಖಲೆಗೆ ಏರದೆ ಉಳಿದದ್ದು ಯಾರದೋ ಮರೆವು. ಆದರೆ ಮೂರು ಸಲ ಹುಡುಕಿದರೂ ಸಿಗದಿದ್ದದ್ದು ಕಾಂಪೌಂಡರ ಕಥೆಯಿಂದ. ಅವರೇ ಹೇಳಿಕೊಂಡರು. "ಬಿಡಯ್ಯಾ, ನಿನ್ನ ಕಥೆಗೆ ಎಷ್ಟು ಜನರ ಕೆಮ್ಮು ನಿಂತಿದೆ" ಎಂದರು ಮೇಷ್ಟ್ರು.

ತಿದ್ದಿದ ದಾಖಲೆ ಹೋದ ಗುರುವಾರ ಕೈಗೆ ಬಂತು. 'ಇಲ್ಲ' ಎಂದಿದ್ದ ಕಡೆ ಪದಕದ ಹೆಸರು. ಮೇಷ್ಟ್ರು ಅದನ್ನು ಎರಡು ಸಲ ಓದಿ, ಮಡಚಿ, ಗುಂಡಿ ಡಬ್ಬಿಯ ಕೆಳಗಿಟ್ಟರು. ಕೂಟ ಇದ್ದದ್ದು ಬುಧವಾರ. ಕಾಂಪೌಂಡರಿಗೆ ಮಂಡಿನೋವು, ಮೇಷ್ಟ್ರೇ ಕಾರಿನಲ್ಲಿ ಕರೆದೊಯ್ಯುವುದೆಂದು ಮಾತಾಗಿತ್ತು.

ಸೋಮವಾರ ಸಂಜೆ ಏಳಕ್ಕೆ ಫೋನ್ ಬಂತು.

"ರಸ್ತೆ ನೋಡ್ಕೊಂಡು ಬಂದೆ ಕಣಯ್ಯಾ. ನಿಮ್ಮನೆಯಿಂದ ಸಭಾಂಗಣದ ತನಕ. ಬೇಕರಿ ಮುಂದೆ ಎರಡು ಗುಂಡಿ, ಅದು ಪರವಾಗಿಲ್ಲ. ಸಭಾಂಗಣದ ಹತ್ತಿರ ಪೈಪಿಗೆ ಅಗೆದು ಹಾಗೇ ಬಿಟ್ಟಿದ್ದಾರೆ, ಪುಣ್ಯಾತ್ಮರು. ಒಂದು ಕೋಲು ನೆಟ್ಟು ಕರ್ಚೀಫ್ ಕಟ್ಟಿ ಬಂದಿದ್ದೀನಿ."

"ಅಲ್ಲ ಮೇಷ್ಟ್ರೇ, ಮೂವತ್ತು ವರ್ಷದಿಂದ ಓಡಾಡ್ತಿರೋ ರಸ್ತೆ!"

"ಬುಧವಾರ ಹೊಸದು. ಆ ಕರ್ಚೀಫ್ ಒಳ್ಳೇದು, ಬರುವಾಗ ಬಿಚ್ಕೋಬೇಕು, ನೆನಪಿಸು."

ಫೋನ್ ಇಟ್ಟು, ಚಪ್ಪಲಿಯ ಮಣ್ಣು ಒರೆಸಿ, ಜಗಲಿಯ ಕುರ್ಚಿಯಲ್ಲಿ ಕೂತರಂತೆ. ಮಗಳು ಊಟಕ್ಕೆ ಕರೆಯಲು ಬಂದವಳು ಬಾಗಿಲಲ್ಲೇ ನಿಂತಳು. ಅಪ್ಪ ಕಣ್ಣು ಮುಚ್ಚಿದ್ದರು. ಕೈ ಗಾಳಿಯಲ್ಲಿ ಒಮ್ಮೆ ಎಡಕ್ಕೆ, ಆಮೇಲೆ ತುಸು ಬಲಕ್ಕೆ ತಿರುಗಿತು. ತುಟಿ ಏನೋ ಎಣಿಸುತ್ತಿತ್ತು. ಕೊನೆಗೆ ಎಡಗಾಲು ನೆಲವನ್ನು ಒತ್ತಿ ಹಿಡಿದು, ಮಲಗಿದ ಮಗುವಿನ ಪಕ್ಕದಿಂದ ಕೈ ತೆಗೆಯುವ ಹಾಗೆ, ಮೆಲ್ಲಗೆ ಮೇಲೆದ್ದಿತು.