ಹೊಳೆಗೆ ಬಿಟ್ಟ ಫೈಲು

“ಹಳೇ ಫೈಲ್ ಎಲ್ಲೈತ್ರಿ?”

ಡಾಕ್ಟರು ಕೇಳಿದ್ದು ಇಷ್ಟೇ. ನನ್ನ ಅಕ್ಕ ಶಾಂತವ್ವ ನನ್ನ ಮುಖ ನೋಡಿದಳು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

“ಹೊಳಿಗೆ ಬಿಟ್ಟೇವ್ರಿ,” ಅಂದಳು ಅಕ್ಕ.

ಡಾಕ್ಟರು ಪೆನ್ ಕೆಳಗಿಟ್ಟರು.

ಅಕ್ಕನ ಮಗಳು ರೇಣುಕಾಗೆ ನಾಲ್ಕು ವರ್ಷವಿದ್ದಾಗ ಕಿಡ್ನಿಯಲ್ಲಿ ಕ್ಯಾನ್ಸರ್ ಆಗಿತ್ತು. (ಸಣ್ಣ ಮಕ್ಕಳಿಗೂ ಬರುತ್ತದೆಯೇ? ನಾವೂ ಆಗ ಹಾಗೇ ಕೇಳಿದ್ದೆವು.) ಒಂದು ಕಿಡ್ನಿ ತೆಗೆದರು, ತಿಂಗಳುಗಟ್ಟಲೆ ಕೀಮೋ ಕೊಟ್ಟರು. ಹುಡುಗಿ ಗೆದ್ದಳು. ಉದುರಿದ ಕೂದಲು ಬಂತು, ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋದಳು, ಈಗ ಜಮಖಂಡಿಯಲ್ಲಿ ಡಿಗ್ರಿ ಓದುತ್ತಿದ್ದಾಳೆ. ಹದಿನಾಲ್ಕು ವರ್ಷ! ರೋಗದ ಹೆಸರನ್ನೇ ನಾವು ಮರೆತಿದ್ದೆವು. ಹೋದ ತಿಂಗಳು ಕೆಮ್ಮು ಹಿಡಿಯಿತು, ಬಿಡಲಿಲ್ಲ. ಸ್ಕ್ಯಾನ್ ಮಾಡಿಸಿದರೆ ಅದೇ ರೋಗ, ಈ ಸಲ ಶ್ವಾಸಕೋಶದಲ್ಲಿ.

“ಇಷ್ಟು ವರ್ಷದ ಮ್ಯಾಲೆ ಹೊಳ್ಳಿ ಬರೂದು ಭಾಳ ಅಪರೂಪ,” ಅಂದರು ಡಾಕ್ಟರು. “ಔಷಧ ಐತಿ. ಆದ್ರ ಒಂದು ಔಷಧಕ್ಕ ಜನ್ಮಕ್ಕ ಇಷ್ಟ ಅಂತ ಮಿತಿ ಇರತೈತ್ರಿ. ಮೀರಿದ್ರ ಹೃದಯಕ್ಕ ಪೆಟ್ಟು. ಆಗ ಎಷ್ಟು ಕೊಟ್ಟಾರಂತ ಗೊತ್ತಿಲ್ದ ಈಗ ಹೆಂಗ ಕೊಡ್ಲಿ?”

ಎಲ್ಲ ಆ ಫೈಲಿನಲ್ಲಿತ್ತು. ಮಗಳು ಆರಾಮಾದ ವರ್ಷ ಅಕ್ಕ ಅದಕ್ಕೆ ಬೀರಪ್ಪ ದೇವರ ಭಂಡಾರದ ಅರಿಸಿನ ಹಚ್ಚಿ, ಹರಕು ಕಂಬಳಿಯಲ್ಲಿ ಸುತ್ತಿ, ಅನಗವಾಡಿಯ ದಂಡೆಯಲ್ಲಿ ನಿಂತು ಹೊಳೆಗೆ ಬಿಟ್ಟಿದ್ದಳು. ಕಾಗದ ಮನೆಯಲ್ಲಿದ್ದರೆ ಬೇನೆ ದಾರಿ ಹುಡುಕಿಕೊಂಡು ಬರುತ್ತದಂತೆ! ನಗಬೇಡಿ. ಆ ಫೈಲು ಕಣ್ಣಿಗೆ ಬಿದ್ದಾಗಲೆಲ್ಲ ಅವಳು ಹೋಗಿ ಮಗಳ ಮೈ ಮುಟ್ಟಿ ನೋಡುತ್ತಿದ್ದಳು. ಎಷ್ಟು ದಿನ ಅಂತ ಟ್ರಂಕಿನಲ್ಲಿ ಇಟ್ಟುಕೊಂಡಾಳು?

ಹಳೆಯ ಆಸ್ಪತ್ರೆಯವರು ತಮ್ಮ ರೆಕಾರ್ಡ್ ರೂಮಿನಲ್ಲಿ ಹುಡುಕುತ್ತಿದ್ದಾರೆ. ನಾನು ದಿನಾ ಫೋನ್ ಮಾಡುತ್ತೇನೆ. “ನಾಳೆ ಹೇಳ್ತೀವ್ರಿ” ಅನ್ನುತ್ತಾರೆ. ನಮ್ಮ ಹತ್ತಿರ ಎಷ್ಟು ನಾಳೆಗಳಿವೆಯೋ ಗೊತ್ತಿಲ್ಲ. ಹೆದರಿಕೆಯಾಗುತ್ತದೆ.

ಮೊನ್ನೆ ರೇಣುಕಾ ಹೊಸ ಫೈಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನನ್ನ ಕೈಗಿಟ್ಟಳು.

“ಮಾಮಾ, ಇದು ನಿಮ್ಮ ಹತ್ರ ಇರ್ಲಿ. ನಾ ಆರಾಮಾದ ದಿನಾನ ಅವ್ವ ಮತ್ತ ಹೊಳಿ ಹಾದಿ ಹಿಡೀತಾಳ. ನೀವರೆ ಸಾಲಿ ಕಲ್ತಾವ್ರು.”

ಅಂದು ಅದೇ ದಂಡೆಯಲ್ಲಿ ಕೂತು, “ಛಲೋ ಮಾಡಿದಿ ಬಿಡಕ್ಕಾ, ಪೀಡಾ ಹೋತು” ಎನ್ನುತ್ತ ಎರಡು ಸಲ ಸಿಹಿ ಮಾದಲಿ ಹಾಕಿಸಿಕೊಂಡು ಉಂಡ ಸಾಲಿ ಕಲಿತವನು ಯಾರೆಂದು ಅವಳಿಗೆ ಹೇಗೆ ಹೇಳಲಿ?